ಬಾಳ್ತದಾ ಅಂದೆ

"ಕವನಾ, ಆ ಕಟ್ಟು ಇತ್ಲಾಗೆ ಕೊಡವ್ವ, ಅಣ್ಣನ ಎದೆ ಮ್ಯಾಲೆ ಮಡುಗ್ತೀನಿ," ಸಮಾಧಿಯ ಗುಂಡಿಯೊಳಗೆ ನಿಂತ ಶಿವಯ್ಯ ಮಗಳ ಕಡೆ ಕೈ ಚಾಚಿದ.

ಕವನಾ ಕೊಡಲಿಲ್ಲ. ಇನ್ನಷ್ಟು ಎದೆಗೊತ್ತಿಕೊಂಡಳು. ಹಳೇ ಲಗ್ನಪತ್ರಿಕೆಗಳ ಖಾಲಿ ಮಗ್ಗುಲಲ್ಲಿ ದೊಡ್ಡಪ್ಪ ಶಾಂತರಾಜು ಕೊನೆಯ ಎರಡು ವರ್ಷ ಬರೆದ ಟಿಪ್ಪಣಿಗಳವು. ಅವಳು ಅರ್ಧವನ್ನೂ ಪ್ರತಿ ಮಾಡಿರಲಿಲ್ಲ. ಮಣ್ಣಿಗೆ ಹೋದರೆ ಮುಗಿಯಿತು.

"ಕೊಡು ಮಗ," ಎಂದಳು ಸೋದರತ್ತೆ ಮುದ್ದಮ್ಮ. "ದಿಂಬಿನಡೀಲೇ ಮಡೀಕಂಡು ಮಲಗ್ತಿದ್ದ. ಜೊತೇಲೇ ಓಗ್ಲಿ."

"ಅಲ್ಲೂ ಪಾಠ ಮಾಡ್ತಾನೆ ಬುಡು ನಮ್ಮಣ್ಣ," ಎಂದ ಶಿವಯ್ಯ. ಅರಕಲಗೂಡಿನಿಂದ ಬಂದಿದ್ದ ನೆಂಟರು ಅಳುತ್ತಲೇ ನಕ್ಕರು.

ಹೊಳೆನರಸೀಪುರದ ಕಾಲೇಜಿನಲ್ಲಿ ಶಾಂತರಾಜು ಜೊತೆ ಅರ್ಥಶಾಸ್ತ್ರ ಕಲಿಸಿದ್ದ ಪಂಚಾಕ್ಷರಯ್ಯ ಕವನಾಳ ಹತ್ತಿರ ಬಂದು ದನಿ ತಗ್ಗಿಸಿದರು. "ಈ ಟಿಪ್ಪಣಿ ನಾನೂ ನೋಡಿದೀನಮ್ಮ. ಮೌಲ್ಯದ ಮೇಲೆ ಅವರು ಬರೆದ ಪುಸ್ತಕಾನ ಇಡೀ ಜಿಲ್ಲೆ ಓದಿ ಪಾಸಾಗಿದೆ. ಅದನ್ನೇ ತಪ್ಪು ಅಂತ ಬರ್ಕೊಂಡಿದಾರೆ. ಮುಪ್ಪಿನ ಗೀಚು. ಮಣ್ಣಿಗೆ ಹೋಗ್ಲಿ, ಅವರ ಹೆಸರು ಉಳೀಲಿ ಬಿಡು." ಅವರ ಕಣ್ಣು ತುಂಬಿತ್ತು.

ನಾಲ್ಕು ಜನರೆದುರು ಕವನಾಳಿಗೆ ಎಂದೂ ಬಾಯಿ ಬಂದದ್ದಿಲ್ಲ. ಈಗಲೂ ಕಟ್ಟಿನ ಗಂಟನ್ನೇ ಬೆರಳಲ್ಲಿ ತಿರುವಿದಳು.

\*

ಎರಡು ವರ್ಷದ ಹಿಂದೆ, ಒಂದು ಭಾನುವಾರ. ಊಟಕ್ಕೆ ಕೂತ ದೊಡ್ಡಪ್ಪ ಕವನಾಳಿಗೆ ಹೇಳುತ್ತಿದ್ದರು, "ಮಾರದೆ ಇರೋದಕ್ಕೆ ಸಂತೇಲಿ ಮೌಲ್ಯ ಇಲ್ಲ ಮಗ."

ಹೆಂಡತಿ ತೀರಿಕೊಂಡ ಈ ತಮ್ಮನಿಗೆ ಮೂವತ್ತು ವರ್ಷದಿಂದ ಬೇಯಿಸಿ ಹಾಕುತ್ತಿದ್ದ ಮುದ್ದಮ್ಮ, ಮುದ್ದೆಯನ್ನು ತಟ್ಟೆಗಿಟ್ಟು ಅಲ್ಲೇ ನಿಂತಳು.

"ಅಂಗಾರೆ ಈ ಮುದ್ದೆ ಬಾಳ್ತದೇನ್ಲಾ?"

"ನೀನು ಮಾರಲ್ವಲ್ಲಕ್ಕ. ಇದಕ್ಕೆ ಬೆಲೆ ಎಲ್ಲೀದು?"

"ನಾನ್ ಬೆಲೆ ಕೇಳ್ನಿಲ್ಲ ಕಣ್ಲಾ. ಬಾಳ್ತದಾ ಅಂದೆ."

ನಗಲು ಹೋದ ಶಾಂತರಾಜು ಹಾಗೇ ಉಳಿದರು. ಮುರಿದ ಮುದ್ದೆ ತಟ್ಟೆಯಲ್ಲೇ ಆರಿತು. ಎದ್ದು ಕೈ ತೊಳೆದು, ಗೂಡಿನಲ್ಲಿದ್ದ ಲಗ್ನಪತ್ರಿಕೆಯೊಂದನ್ನು ಎಳೆದು ಅದರ ಹಿಂದೆ 'ಮೌಲ್ಯ' ಎಂದು ಬರೆದರು. ಹೊಡೆದುಹಾಕಿದರು. ಕೆಳಗೆ 'ಬಾಳು' ಎಂದು ಬರೆದು ಬಹಳ ಹೊತ್ತು ನೋಡುತ್ತ ಕೂತರು.

\*

"ಅತ್ತೆ," ಎಂದಳು ಕವನಾ. "ಇದ್ರಲ್ಲಿ ನೀನೇ ಇದೀಯ."

"ನಾನ್ಯಾಕಿರ್ಲಿ, ಬುಡತ್ಲಾಗೆ."

ಕವನಾ ಗಂಟು ಬಿಚ್ಚಿ, ಮೇಲಿನ ಹಾಳೆ ಹಿಡಿದು ಓದಿದಳು: "ನನ್ನ ಪುಸ್ತಕದ ಮೂರನೇ ಅಧ್ಯಾಯ ತಪ್ಪು. ಊರವರ ದುಡಿಮೆಯನ್ನೆಲ್ಲ ಬರೆದೆ. ನನಗೆ ಉಣ್ಣಲಿಕ್ಕಿ ದುಡಿಯಲು ಕಳಿಸಿದವಳ ದುಡಿಮೆ ಬಿಟ್ಟೆ. ಅಕ್ಕ ಕೇಳಿದ್ದಕ್ಕೆ ಉತ್ತರ ಸಿಗುವವರೆಗೆ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಬಾರದು."

ಪಂಚಾಕ್ಷರಯ್ಯ ಕನ್ನಡಕ ತೆಗೆದು ಒರೆಸತೊಡಗಿದರು.

"ಆವತ್ತು ಉಣ್ಣೋದ್ ಬುಟ್ಟು ಎದ್ದೋದ," ಎಂದಳು ಮುದ್ದಮ್ಮ. "ಕ್ವಾಪ ಮಾಡ್ಕಂಡ ಅನ್ಕಂಡಿದ್ದೆ ಕಣವ್ವ." ಆಮೇಲೆ ಕೈ ಚಾಚಿದಳು. "ಕೊಡಿತ್ಲಾಗೆ."

ಕವನಾ ಕಣ್ಣು ಮುಚ್ಚಿ ಕೊಟ್ಟಳು.

ಮುದ್ದಮ್ಮ ಕಟ್ಟನ್ನು ಸೆರಗಿನ ಮಡಿಲಿಗೆ ಹಾಕಿಕೊಂಡಳು. ಶಿವಯ್ಯ ಒಂದು ಗಳಿಗೆ ಕಾದು, ಬರಿಗೈಯಲ್ಲೇ ಗುಂಡಿಯಿಂದ ಮೇಲೆ ಬಂದ. ಮೊದಲ ಮಣ್ಣು ಹಿರಿಯಳದ್ದು. ಅವಳು ಬಗ್ಗಿ ಎಡಗೈಯಲ್ಲಿ ಹಿಡಿ ತುಂಬಿಕೊಂಡಳು.

"ಅಕ್ಕ, ಎಡಗೈಲಾಕ್ಬಾರ್ದು! ಬಲಗೈ, ಬಲಗೈ!" ಎಂದ ಶಿವಯ್ಯ.

ಮೂರೂ ಹಿಡಿ ಎಡಗೈಯಿಂದಲೇ ಬಿದ್ದವು. ಬಲಗೈ ಮಡಿಲನ್ನು ಬಿಡಲಿಲ್ಲ.