ತೂತಿನ ಚಮಚ

ಹನೋಯ್‌ನ ಫೋ, ಅಂದರೆ ಮಾಂಸದ ಸಾರಿನ ಅಕ್ಕಿ ಶಾವಿಗೆ, ಕೆಟ್ಟು ಮೂವತ್ತು ವರ್ಷವಾಯಿತೆಂಬುದು ಮುದುಕ ದೋನ್‌ನ ತೀರ್ಪು. ಶಾವಿಗೆಯ ಮೇಲೆ ಮೊಳಕೆಕಾಳು ಹರಡುವವರು, ಸಿಹಿ ಸಾಸು ಸುರಿಯುವವರು, ಮೊಟ್ಟೆ ಒಡೆದು ಹಾಕುವವರು, ಎಲ್ಲರೂ ಅವನ ಪಾಲಿಗೆ ನಾಲಿಗೆ ಸತ್ತವರು. ಇಷ್ಟು ದಿನ ಇದು ಬರೀ ಬಾಯಿಚಪಲದ ಬೈಗುಳವಾಗಿತ್ತು. ಈಗ ಹಾಗಲ್ಲ. ಹೆಂಡತಿ ನ್ಯಾನ್‌ಗೆ ಜ್ವರ ಬಿಟ್ಟು ಹತ್ತು ದಿನವಾದರೂ ಊಟ ಸೇರುತ್ತಿರಲಿಲ್ಲ. "ಫೋ ಆದ್ರೆ ತಿಂತೀನಿ, ಆಗ ತಿಂತಿದ್ವಲ್ಲ, ಅಂಥದ್ದು" ಎಂದು ಹಟ ಹಿಡಿದಿದ್ದಳು.

ಮೂರು ಅಂಗಡಿಗಳಿಂದ ಡಬ್ಬಿಯಲ್ಲಿ ತಂದುಕೊಟ್ಟ. ಪ್ರತಿ ಸಲವೂ ಎರಡು ಚಮಚ ಕುಡಿದು, "ಇದಲ್ಲ ಕಣ್ರೀ" ಎಂದು ಗೋಡೆಯ ಕಡೆ ತಿರುಗಿಕೊಂಡಳು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ದೋನ್‌ಗೆ ನಿಜಕ್ಕೂ ಭಯವಾಗಿತ್ತು. ಭಯವಾದಾಗ ಅವನು ಇನ್ನಷ್ಟು ಬೈಯುತ್ತಿದ್ದ.

ಉಳಿದಿದ್ದದ್ದು ಒಂದೇ ಅಂಗಡಿ, ಸತ್ತರೂ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದ 'ಪಡಿತರದ ಕಾಲ'. ಎಲ್ಲವೂ ಪಡಿತರ ಚೀಟಿಗೆ ಸಿಗುತ್ತಿದ್ದ ಹಳೆಯ ಬಡ ದಿನಗಳ ವೇಷ ಹಾಕಿದ ಹೋಟೆಲು ಅದು. ಹಸಿದವರು ಇನ್ನೂ ಬದುಕಿರುವಾಗಲೇ ಅವರ ಹಸಿವನ್ನು ಬಟ್ಟಲಿಗೆ ಹಾಕಿ ಮಾರುವ ಜಾಗ. ಬಾಗಿಲಲ್ಲಿ ಹೆಸರು ಬರೆದ ಇಟ್ಟಿಗೆಗಳ ಸಾಲಿತ್ತು. ಹಿಂದೆ ಜನ ಸರದಿಯಲ್ಲಿ ತಮ್ಮ ಬದಲು ಇಟ್ಟಿಗೆ ಇಟ್ಟು ಕೆಲಸಕ್ಕೆ ಓಡುತ್ತಿದ್ದರು. ಈಗ ಹುಡುಗಿಯರು ಅದರ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಅಂಗಡಿಯ ಒಡತಿ ಕ್ವಿಯೆನ್ ತಾನೇ ಬಟ್ಟಲು ತಂದಿಟ್ಟಳು. ತುಂಬ ಮಾಂಸ.

"ಇದೇನಮ್ಮ ಇದು?"

"ಸರ್ಕಾರಿ ಅಂಗಡಿ ಫೋ, ತಾತ. ಥೇಟ್ ಆ ಕಾಲದ್ದೇ."

"ಆ ಕಾಲದಲ್ಲಿ ಇಷ್ಟು ಮಾಂಸ ಕಂಡಿದ್ರೆ ಪೊಲೀಸ್ರಿಗೆ ಹೇಳ್ತಿದ್ವಿ. ಪೈಲಟ್ ಇಲ್ಲದ ಫೋ ಅಂತ ಕೇಳಿಲ್ವಾ? ಮೇಲೆ ಅಮೆರಿಕದೋರ ಪೈಲಟ್ ಇಲ್ಲದ ವಿಮಾನ, ಕೆಳಗೆ ನಮ್ಮ ಮಾಂಸ ಇಲ್ಲದ ಬಟ್ಲು."

"ಹಾಗೆ ಕೊಟ್ರೆ ಗಿರಾಕಿಗಳು ಉಗೀತಾರೆ ತಾತ."

"ನಾವು ಉಗೀಲಿಲ್ಲ. ಉಗಿದ್ರೆ ಸಾರು ದಂಡ ಆಗ್ತಿತ್ತು."

ಅಲ್ಯುಮಿನಿಯಂ ಚಮಚ ಎತ್ತಿ ನೋಡಿದ. ಯಾರೂ ಕದಿಯಬಾರದೆಂದು ಸರ್ಕಾರಿ ಅಂಗಡಿಯವರು ಚಮಚಕ್ಕೆ ತೂತು ಹೊಡೆಯುತ್ತಿದ್ದರು. ಸಾರು ಸೋರುವ ಮುನ್ನ ಬಾಯಿಗೆ ಹಾಕಿಕೊಳ್ಳಬೇಕಿತ್ತು. ಇಲ್ಲಿ ತೂತಿನ ಜಾಗದಲ್ಲಿ ಕಪ್ಪು ಬಣ್ಣದ ಒಂದು ಚುಕ್ಕೆ ಇತ್ತು.

"ಸೋರುತ್ತೆ ಅಂತ ಕಂಪ್ಲೇಂಟ್ ಬಂತು ತಾತ," ಎಂದಳು ಕ್ವಿಯೆನ್, ಸ್ವಲ್ಪ ನಾಚಿಕೊಂಡು.

"ಕಷ್ಟಕ್ಕೂ ಬಣ್ಣ ಬಳಿದು ಮಾರ್ತೀಯಲ್ಲ, ಭಲೇ. ಒಂದು ಮೊಳೆ, ಒಂದು ಸುತ್ತಿಗೆ ಕೊಡು. ಆ ಮಾಂಸ ಎಲ್ಲ ತೆಗ್ದುಬಿಡು. ಸಾರಿಗೆ ಅರ್ಧ ಬಿಸಿನೀರು ಹಾಕು, ಮೇಲೊಂದು ಚಮಚ ಟೇಸ್ಟಿಂಗ್ ಪೌಡರ್."

"ಯಾರು ತಿಂತಾರೆ ತಾತ ಇದನ್ನ?"

"ನನ್ನ ಹೆಂಡ್ತಿ. ಅವಳು ತಿನ್ನದೆ ಹತ್ತು ದಿನ ಆಯ್ತು."

ಕ್ವಿಯೆನ್ ಬಟ್ಟಲಿನ ಮಾಂಸವನ್ನೆಲ್ಲ ತೆಗೆದು ಸಾರಿಗೆ ಬಿಸಿನೀರು ಸುರಿದಳು. ಮೊಳೆ, ಸುತ್ತಿಗೆ ತಂದುಕೊಟ್ಟಳು. ದೋನ್ ನೆಲದ ಮೇಲೆ ಕುಳಿತು ಚುಕ್ಕೆಯ ಮೇಲೆ ಸರಿಯಾಗಿ ಮೊಳೆ ಹೊಡೆದ. ಇಟ್ಟಿಗೆ ಬಿಟ್ಟು ಬಂದ ಹುಡುಗಿಯರು ಈಗ ಅವನ ಫೋಟೊ ತೆಗೆದರು.

ಮನೆಯಲ್ಲಿ ನ್ಯಾನ್ ಚಮಚವನ್ನು ತಿರುಗಿಸಿ ನೋಡಿದಳು. ಸಾರು ತುಂಬಿ ಎತ್ತಿದಳು. ಅರ್ಧ ಗಲ್ಲದ ಮೇಲೆ ಸೋರಿತು.

"ತಂಗಳನ್ನ ಎಲ್ರೀ?" ಎಂದಳು.

ದೋನ್‌ಗೆ ಆಗ ನೆನಪಾಯಿತು. ನೂಲಿನ ಗಿರಣಿಯ ಪಕ್ಕದ ಅಂಗಡಿಯಲ್ಲಿ, ಮದುವೆಗೆ ಮುಂಚೆ, ಅವಳು ಮನೆಯಿಂದ ತಂದ ತಂಗಳನ್ನವನ್ನು ಇಬ್ಬರ ಬಟ್ಟಲಿಗೂ ಹಾಕುತ್ತಿದ್ದಳು. ಅವನು ನಾಲ್ಕು ಅಗುಳು ಹಿಸುಕಿ ಅವಳ ಚಮಚದ ತೂತಿಗೆ ಮೆತ್ತುತ್ತಿದ್ದ. ಇಷ್ಟು ದಿನ ಅವನು ಊರೆಲ್ಲ ಹುಡುಕಿದ್ದು ಬರೀ ಸಾರನ್ನು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಅನ್ನ ತಂದು, ಹೆಬ್ಬೆರಳಿನಿಂದ ಒತ್ತಿ ತೂತು ಮುಚ್ಚಿ ಕೊಟ್ಟ.

ನ್ಯಾನ್ ಬಟ್ಟಲು ಖಾಲಿ ಮಾಡಿದಳು. ಕೊನೆಗೆ ತೂತಿನ ಅನ್ನವನ್ನೂ ಕಿತ್ತು ತಿಂದಳು.

"ಥೂ, ಏನೇನೂ ಚೆನ್ನಾಗಿಲ್ಲ."

"ಆಗ್ಲೂ ಚೆನ್ನಾಗಿರ್ಲಿಲ್ಲ ಕಣೇ." ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ಆ ಮಾತು ಬಂದಿತ್ತು.

"ನಂಗೊತ್ತಿಲ್ವಾ? ನಾಳೆನೂ ತನ್ನಿ."

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ದೋನ್ ಆ ಅಂಗಡಿಯ ಮುಂದೆ ಮೊದಲನೆಯವನಾಗಿ ನಿಂತಿದ್ದ. ಹಿಂದಿದ್ದ ಹುಡುಗಿಗೆ, ಮೊಳಕೆಕಾಳು ಹಾಕಿಸಿಕೊಂಡರೆ ನಾಲಿಗೆ ಸಾಯುತ್ತದೆಂದು ಬೈಯುತ್ತಿದ್ದ.