ಬಾರ್ಬಡೋಸಿಗೆ ಬೇಕಾದ ಹಕಾರ

ತಪ್ಪು ಕಣ್ಣಿಗೆ ಬಿದ್ದಾಗ ವಿಮಾನಕ್ಕೆ ನಾಲ್ಕೇ ದಿನ ಉಳಿದಿತ್ತು. ಪಾಸ್‌ಪೋರ್ಟಿನ ನಕಲಿನಲ್ಲಿ ಹೊಂಬಾಳಮ್ಮ, ಟಿಕೆಟ್ಟಿನಲ್ಲಿ ಒಂಬಾಳಮ್ಮ. ಇಂಗ್ಲಿಷಿನ ಎಚ್ ಒಂದು ಇಲ್ಲ. ಹುಣಸೂರು ಬಸ್ ಸ್ಟ್ಯಾಂಡ್ ಎದುರಿನ ಟಿಕೆಟ್ ಅಂಗಡಿಯಲ್ಲಿ ಅದನ್ನು ಟೈಪ್ ಮಾಡಿದವಳು ನಾನೇ. ಆಕೆ ಹೇಳಿದ ಹಾಗೇ ಬರೆದಿದ್ದೆ. ಪಾಸ್‌ಪೋರ್ಟ್ ಆಗಲೇ ಕೇಳಿ ನೋಡಬೇಕಿತ್ತು; ಅದರ ನಕಲು ಕೈಗೆ ಬಂದದ್ದು ಆಮೇಲೆ.

ಆಕೆಯ ಗಂಡ ಚಲುವಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತಾ, ರೇಡಿಯೋದಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟ್ ಕೇಳಿ ದೊಡ್ಡವರಾದವರು. ಬಾರ್ಬಡೋಸಿನ ಮೈದಾನದಲ್ಲಿ ಒಮ್ಮೆ ಹೆಂಡತಿಯ ಜೊತೆ ಕೂರಬೇಕು ಎನ್ನುವುದು ಅವರ ಆಸೆ. ಆ ಆಸೆಯನ್ನು ಒಂದಕ್ಷರದಿಂದ ನಾನು ಕೆಡಿಸಿದೆನೇ?

ಬೆಂಗಳೂರಿನ ಟೂರ್ ಕಂಪನಿಗೆ ಫೋನ್ ಮಾಡಿದೆ. ಇವತ್ತು ಸಂಜೆ ನಾಲ್ಕರೊಳಗೆ ಪ್ರಯಾಣಿಕರೇ ಲೈನಿಗೆ ಬಂದು ಹೆಸರು ಹೇಳಿದರೆ ತಿದ್ದುತ್ತೇವೆ ಎಂದರು. ಅವರೂರು ಹಾರನಹಳ್ಳಿಯ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದೆ.

ಹೊಂಬಾಳಮ್ಮ ಹುರಿಹಿಟ್ಟಿನ ಡಬ್ಬ ಕಟ್ಟುತ್ತಿದ್ದರು.

“ನನ್ನಿಂದ ತಪ್ಪಾಗಿದೆ ಅಮ್ಮ. ನಿಮ್ಮ ಹೆಸರಿನ ಹ ಬಿಟ್ಟೋಗಿದೆ.”

“ಅದು ನನ್ನೆಸ್ರಲ್ಲಿ ಯಾವತ್ತಿತ್ತು ಬುಡವ್ವ! ಇಸ್ಕೂಲ್ ಮೇಷ್ಟ್ರು ಬರ್ಕೊಂಡಿದ್ದು. ಇವ್ರಂತೂ ಒಂದ್ ದಿನಕ್ಕೂ ಎಸ್ರಿಡಿದು ಕರ್ದಿಲ್ಲ.”

“ನಾನು ‘ಇವಳೇ’ ಅಂತ್ಲೇ ಕಾಲ ಕಳ್ದೆ. ಅದ್ನೇ ಬರ್ಸಬೇಕಿತ್ತು,” ಎಂದರು ಚಲುವಯ್ಯ.

ನನಗೆ ನಗು ಬರಲಿಲ್ಲ. ಆಗಲೇ ಮೂರೂಮುಕ್ಕಾಲು.

“ಹೇಳಿ ಅಮ್ಮ, ಹೊಂಬಾಳಮ್ಮ.”

“ಒಂಬಾಳಮ್ಮ.”

“ಹೊ.”

“ಅದೇ ಏಳ್ದೆನಲ್ಲ, ಒ.”

“ವೈಡ್ ಕಣಮ್ಮಿ, ಇನ್ನೊಂದ್ ಆಕು!” ಎಂದು ಚಲುವಯ್ಯ ಅಂಪೈರಿನ ಹಾಗೆ ಎರಡೂ ತೋಳು ಚಾಚಿದರು.

ಮತ್ತೆ ಎರಡು ವೈಡ್ ಆದವು. ಟೂರ್ ಕಂಪನಿಯ ನಂಬರ್ ಒತ್ತಿದೆ. ಒಳಗೆ ಸೌದೆ ಒಲೆ ಹೊಗೆಯಾಡುತ್ತಿತ್ತು.

“ಅಮ್ಮ, ಒಲೆ ಊದ್ತೀರಲ್ಲ, ಹಾಗೆ ಊದಿ ಶುರು ಮಾಡಿ,” ಎಂದು ಹೇಳಿ ಫೋನ್ ಕೊಟ್ಟೆ.

“ಪಾಸ್‌ಪೋರ್ಟಿನಲ್ಲಿರುವ ಹಾಗೆ ಹೆಸರು ಹೇಳಿ,” ಎಂದಿತು ಆಚೆಯ ದನಿ.

ಹೊಂಬಾಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆನ್ನೆ ಉಬ್ಬಿಸಿ ಊದಿದರು. “ಹ್ಹೊಂಬಾಳಮ್ಮ!”

ಜಗಲಿಯಲ್ಲಿದ್ದ ಕೋಳಿ ಅಂಗಳಕ್ಕೆ ಹಾರಿತು. “ಸರಿ, ಹೊಸ ಟಿಕೆಟ್ ಕಳಿಸ್ತೀವಿ,” ಎಂದರು ಆಚೆಯವರು.

ಅದು ಬರಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ನಾನು ಜಗಲಿಯಿಂದ ಗೇಟಿಗೆ ಎಷ್ಟು ಸಲ ನಡೆದೆನೋ. ಬಂದ ಟಿಕೆಟ್ಟನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಮೂರು ಸಲ ಓದಿದೆ. ಎಚ್ ಇತ್ತು.

“ಕೂತ್ಕಳವ್ವ, ಕಾಪಿ ಕುಡಿ,” ಎಂದರು ಹೊಂಬಾಳಮ್ಮ. ಕೂತೆ.

“ನನ್ನೆಸ್ರು ನೆಟ್ಟಗದಾ? ಊರೋರೆಲ್ಲ ‘ಚೆ’ ಆಕಿ ಚೆಲುವಯ್ಯ ಅಂತಾರೆ,” ಎಂದರು ಚಲುವಯ್ಯ.

ಲೋಟ ಕೆಳಗಿಟ್ಟೆ. “ನಿಮ್ಮ ಪಾಸ್‌ಪೋರ್ಟ್ ಕೊಡಿ.”

“ಸುಮ್ಕೆ ತಮಾಸೆಗಂದೆ ಕಣವ್ವ!”

ಅವರು ನಗುತ್ತಲೇ ಇದ್ದರು. ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.