ಒಬ್ಬಳಿಗೆ ಮೂರು ಗಾಡಿ

“ಒಂದಲ್ಲ ಕಣೇ, ಮೂರು ಬಂದಿದಾವೆ. ಒಬ್ಬಳನ್ನ ಸಾಗಿಸೋಕೆ ಮೂರು ಆಂಬುಲೆನ್ಸು,” ಎಂದು ಸೋದರಮಾವ ಏದುಸಿರು ಬಿಡುತ್ತಾ ಒಳಗೆ ಬಂದಾಗ ಮಗಳು ಅಮ್ಮನ ತಲೆ ಬಾಚುತ್ತಿದ್ದಳು. ಬಾಚಣಿಗೆ ಕೂದಲಲ್ಲೇ ನಿಂತಿತು.

“ಮೂರು ಯಾರು ಕರೆದಿದ್ದು?”

“ಯಾರೂ ಕರೆದಿಲ್ಲ. ಆಸ್ಪತ್ರೆಯವರು ನಮ್ಮ ಮೇಡಂ ಅಂತ ಕಳಿಸಿದಾರೆ, ಅಗ್ನಿಶಾಮಕದವರು ನಮ್ಮ ಮೇಡಂ ಅಂತ ಕಳಿಸಿದಾರೆ, ಸೇವಾಸಂಘದವರೂ ಹಾಗೇ. ಒಬ್ಬರು ಕಳಿಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.”

ಕಿಟಕಿಯಿಂದ ಇಣುಕಿದಳು. ಸೈಕಲ್ಲು ತಿರುಗಿಸಲೂ ಜಾಗವಿಲ್ಲದ ಓಣಿಯಲ್ಲಿ ಮೂರು ಬಿಳಿ ಗಾಡಿಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಂತಿದ್ದವು. ಮೊದಲು ನೀನು ಹಿಂದೆ ತಗೋ ಎಂದು ಮೂವರು ಡ್ರೈವರ್‌ಗಳೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು.

ಅವಳ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ಇದೇ ರಾಗ. ಹೆಣ ಎತ್ತುವುದು ಮಧ್ಯಾಹ್ನವೇ ಎಂದು ಚಿಕ್ಕಪ್ಪ ನೆಂಟರಿಗೆ ಹೇಳಿದ್ದರು, ಸಂಜೆ ಎಂದು ಮಾವ ಹೇಳಿದ್ದರು. ಅರ್ಧ ಜನ ಬಂದು, ಅತ್ತು, ಹೋಗಿಯೂ ಆಗಿತ್ತು. ಇನ್ನರ್ಧ ಈಗ ಚಪ್ಪಲಿ ಬಿಡುತ್ತಿದ್ದರು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ರಾಶಿಯ ಕೆಳಗೆ ವಿಳಾಸ ಕೇಳಿದವರ ಪ್ರಶ್ನೆ ಉಸಿರುಗಟ್ಟಿ ಬಿದ್ದಿತ್ತು. ಆಗ ಅವಳಿಗೆ ಥಟ್ಟನೆ ಹೊಳೆಯಿತು.

“ಮಾವ, ತಮ್ಮ ಎಲ್ಲಿ?”

“ಬಸ್ ಸ್ಟ್ಯಾಂಡಿಂದ ನಿಮ್ಮ ಚಿಕ್ಕಪ್ಪ ಕರ್ಕೊಂಡ್ ಬರ್ತಾರಲ್ಲ.”

ಚಿಕ್ಕಪ್ಪ ಬಾಗಿಲಲ್ಲೇ ನಿಂತು ನೀರು ಕುಡಿಯುತ್ತಿದ್ದರು. ಲೋಟ ಕೆಳಗಿಳಿಸಿದರು. “ನಾನಾ? ನೀವು ಹೋಗ್ತೀರ ಅಂದ್ಕೊಂಡೆ.”

ತಮ್ಮ ಹಡಗಿನಲ್ಲಿ ಅಡುಗೆಯವನು. ನಿನ್ನೆ ಬಂದರಿನಲ್ಲಿ ಇಳಿದು, ಸಿಕ್ಕಿದ ಬಸ್ಸು ಹತ್ತಿದ್ದ. ಅಮ್ಮ ನಿವೃತ್ತಿಯಾದ ಮೇಲೆ ಹಿಡಿದ ಈ ಬಾಡಿಗೆ ಮನೆಯನ್ನು ಅವನು ಕಂಡವನೇ ಅಲ್ಲ. ಈಗ ಫೋನು ಬೇರೆ ಆಫ್ ಆಗಿತ್ತು. ಸ್ಮಶಾನದ ಕಾವಲುಗಾರ ಐದಕ್ಕೆ ಗೇಟಿಗೆ ಬೀಗ ಜಡಿಯುತ್ತಾನೆ, ಅದಕ್ಕೇ ಎತ್ತಿಬಿಡೋಣ, ಹುಡುಗ ನೇರ ಅಲ್ಲಿಗೇ ಬರಲಿ ಎಂದರು ಚಿಕ್ಕಪ್ಪ.

“ಅಲ್ಲಿಗೆ ಬಾ ಅಂತ ಅವನಿಗೆ ಹೇಳೋರು ಯಾರು, ಕಾಗೆನಾ?” ಎಂದಳು ಮಗಳು. “ಅವನು ಅಮ್ಮನ ಮುಖ ನೋಡೋವರೆಗೂ ಯಾರೂ ಮುಟ್ಟಬೇಡಿ.”

*

ಎಷ್ಟೋ ವರ್ಷಗಳ ಹಿಂದೆ, ಭೂಮಿ ನಡುಗಿದ ದಿನ ಅವಳು ಅಮ್ಮನ ಮೇಜಿನ ಕೆಳಗಿದ್ದಳು. ಅಮ್ಮ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಅವತ್ತು ಶಾಲೆಗೆ ರಜೆ ಇತ್ತೆಂದು ಮಗಳನ್ನೂ ಜೊತೆಗೆ ಕರೆದೊಯ್ದಿದ್ದಳು.

ಫೋನುಗಳೆಲ್ಲ ಒಂದೇ ಸಲಕ್ಕೆ ಸತ್ತವು. ಉಳಿದವು ವೈರ್‌ಲೆಸ್ ಸೆಟ್ಟುಗಳು. ಆದರೆ ಆಸ್ಪತ್ರೆಯದು ಅಗ್ನಿಶಾಮಕಕ್ಕೆ ಕೇಳದು, ಅಗ್ನಿಶಾಮಕದ್ದು ಸೇವಾಸಂಘಕ್ಕೆ ಕೇಳದು. ಮಾರುಕಟ್ಟೆ ಕುಸಿದಿದೆ ಎಂದು ಮೂವರಿಗೂ ಬೇರೆ ಬೇರೆಯಾಗಿ ಗೊತ್ತಾಗಿ, ಮೂರೂ ಕಡೆಯ ಗಾಡಿಗಳು ಅಲ್ಲಿಗೇ ನುಗ್ಗಿದವು. ಸ್ಟ್ರೆಚರಿಗೆ ಸ್ಟ್ರೆಚರು ಡಿಕ್ಕಿ ಹೊಡೆದವಂತೆ. ನೂಲಿನ ಗಿರಣಿಗೆ ಇನ್ನೊಬ್ಬರು ಹೋಗಿರುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಸಂಜೆಯವರೆಗೂ ಅಲ್ಲಿಗೆ ಯಾರೂ ಹೋಗಲಿಲ್ಲ.

ಆ ಗಿರಣಿಯಲ್ಲಿ ಅಪ್ಪ ಇದ್ದರು.

ಅಪ್ಪ ಹೋದ ಸುದ್ದಿ ತಿಳಿದ ಮೇಲೂ ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಮೂರೂ ಕಡೆಯಿಂದ ಒಂದೊಂದು ಸೆಟ್ಟು ತರಿಸಿ ಮೇಜಿನ ಮೇಲಿಟ್ಟಳು. ಅದಲುಬದಲಾಗಬಾರದೆಂದು ಮಗಳ ಎರಡೂ ಜಡೆಯ ಟೇಪು ಬಿಚ್ಚಿ ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ ಕಟ್ಟಿದಳು, ಮೂರನೆಯದನ್ನು ಬೋಳಾಗಿ ಬಿಟ್ಟಳು. ಇದರಲ್ಲಿ ಕೇಳಿದ್ದನ್ನು ಅದರಲ್ಲಿ ಹೇಳುವುದು, ಅದರಲ್ಲಿ ಕೇಳಿದ್ದನ್ನು ಇದರಲ್ಲಿ. ಎಲ್ಲಿಗೆ, ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳದೆ ಒಂದು ಗಾಡಿಯೂ ಹೊರಡುವಂತಿರಲಿಲ್ಲ.

“ತಿರುಗಿ ಹೇಳಿ,” ಎನ್ನುತ್ತಿದ್ದಳು.

ನಾವೇನು ಶಾಲೆ ಮಕ್ಕಳಾ ಎಂದು ಡಾಕ್ಟರೊಬ್ಬರು ಅಬ್ಬರಿಸಿದರು. ಅಮ್ಮ ಅದಕ್ಕೂ “ತಿರುಗಿ ಹೇಳಿ” ಎಂದಳು.

ಆ ಚಟ ಮನೆಗೂ ಬಂತು. ನಾಳೆ ಅರ್ಧ ಕೆಜಿ ಬೀನ್ಸ್ ತರುತ್ತೇನೆಂದು ತರಕಾರಿಯವನು ತಿರುಗಿ ಹೇಳಬೇಕು. ಮಗಳನ್ನು ನೋಡಲು ಬಂದ ಗಂಡು ಊರು, ಕೆಲಸ, ಸಂಬಳ ಎಲ್ಲ ತಿರುಗಿ ಹೇಳಿ, ಆಮೇಲೆ ತಿರುಗಿ ಬರಲೇ ಇಲ್ಲ. ಬೀದಿಯವರು ಅಮ್ಮನಿಗೆ ತಿರುಗಿಹೇಳಮ್ಮ ಎಂದೇ ಹೆಸರಿಟ್ಟರು. ಮೊನ್ನೆ ಮೊನ್ನೆ ಮಾತ್ರೆ ತರಲು ಫೋನು ಮಾಡಿದಾಗಲೂ ಅದೇ ಮಾತು. “ನಂಗೆ ಕಿವಿ ಇದೆ ಅಮ್ಮ,” ಎಂದು ಮಗಳು ಫೋನ್ ಕುಕ್ಕಿದ್ದಳು.

*

ಮಗಳು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. ಆಸ್ಪತ್ರೆಯ ಗಾಡಿಗಳ ಮೇಲ್ವಿಚಾರಕರು ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳೋದು ಆಮೇಲೆ ಸಾರ್, ಬಸ್ ಸ್ಟ್ಯಾಂಡ್ ಹತ್ತಿರ ನಿಮ್ಮ ಗಾಡಿ ಯಾವುದಾದರೂ ಇದೆಯಾ ಎಂದಳು. ಅವರು ಸೆಟ್ಟಿನಲ್ಲಿ ಕೇಳಿದರು, ಇರಲಿಲ್ಲ. ಅಗ್ನಿಶಾಮಕದವರದೂ ಇಲ್ಲ. ಸೇವಾಸಂಘದ ಗಾಡಿಯೊಂದು ರೋಗಿಯನ್ನು ಬಿಟ್ಟು ಆ ಕಡೆಯಿಂದ ಖಾಲಿ ಬರುತ್ತಿತ್ತು. ಬೋಳು ತಲೆ, ನೀಲಿ ಟ್ರಂಕು, ಅಮ್ಮನದೇ ಚಪ್ಪಟೆ ಮೂಗು ಎಂದು ಮಗಳು ತಮ್ಮನ ಗುರುತು ಒಂದೊಂದೇ ಹೇಳಿದಳು, ಸಂಘದ ಡ್ರೈವರ್ ಅದನ್ನು ಸೆಟ್ಟಿಗೆ ಹೇಳಿದ. ಆಯ್ತು ಆಯ್ತು, ಗೊತ್ತಾಯ್ತು ಎಂದು ಆ ಕಡೆಯಿಂದ ಉತ್ತರ ಬಂತು. ಡ್ರೈವರ್ ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸುವುದರಲ್ಲಿದ್ದ.

“ತಿರುಗಿ ಹೇಳೋಕೆ ಹೇಳು,” ಎಂದಳು ಮಗಳು.

ಗೋಡೆಗೊರಗಿದ್ದ ಮೇಲ್ವಿಚಾರಕರು ನೆಟ್ಟಗೆ ನಿಂತರು. ಸೆಟ್ಟು ಗೊರಗೊರ ಅಂದಿತು. “ಬೋಳು ತಲೆ, ನೀಲಿ ಟ್ರಂಕು. ಹಳೇ ಬಸ್ ಸ್ಟ್ಯಾಂಡ್ ತಾನೆ? ಅಲ್ಲಿಗೇ ಹೊರಟೆ.”

“ಹೊಸದು ಮಾರಾಯ, ಹೊಸದು,” ಎಂದು ಓಣಿಗೆ ಓಣಿಯೇ ಕೂಗಿತು.

ತಮ್ಮ ಸೈರನ್ ಸಮೇತ ಬಂದ. ಓಣಿಯ ಬಾಯಲ್ಲಿ ಗಾಡಿ ಸಿಕ್ಕಿಕೊಂಡಿದ್ದರಿಂದ ಟ್ರಂಕು ಹೆಗಲ ಮೇಲಿಟ್ಟು ಓಡಿಬಂದ. ಅಮ್ಮನ ಪಕ್ಕ ಕೂತು ಬಹಳ ಹೊತ್ತು ನೋಡಿದ.

“ಯಾರೋ ಬರ್ತಾರೆ ಅಂದಿದ್ಯಲ್ಲ, ಅಕ್ಕ. ಕಾದೆ.”

“ಯಾರೋ ಹೋಗ್ತಾರೆ ಅಂತ ನಾವೂ ಕಾದ್ವಿ ಕಣೋ.”

ಅಮ್ಮನನ್ನು ಆಸ್ಪತ್ರೆಯ ಗಾಡಿಗೆ ಏರಿಸಿದರು. ತಮ್ಮ ಒಳಗೆ ಹತ್ತಿದ. ಮಗಳು ಬಾಗಿಲು ಹಿಡಿದೇ ನಿಂತಳು. ಚಿಕ್ಕಪ್ಪ ಗಡಿಯಾರ ನೋಡಿಕೊಂಡರು.

“ಅಲ್ಲ ಸಾರ್, ಇಷ್ಟು ವರ್ಷ ಆದ್ಮೇಲೂ ನಿಮ್ಮ ಸೆಟ್ಟು ಅವರಿಗೆ ಕೇಳಲ್ವಾ?” ಎಂದಳು ಮಗಳು.

ಮೇಲ್ವಿಚಾರಕರು ತಲೆ ಕೆರೆದುಕೊಂಡರು. “ಹೊಸವು ತಗೊಂಡ್ವಮ್ಮ. ಅವರವರದು ಅವರವರೇ ತಗೊಂಡ್ವಿ. ಮಧ್ಯೆ ನಿಮ್ಮಮ್ಮ ಇದ್ರಲ್ಲ. ನಿವೃತ್ತಿ ಆದ್ಮೇಲೂ ಮನೆಗೆ ಫೋನ್ ಮಾಡ್ತಿದ್ವಿ.”

“ಇನ್ನು ಯಾರಿಗೆ ಮಾಡ್ತೀರಿ?”

ಅವರು ಗಾಡಿಯೊಳಗೆ ನೋಡಿದರು. “ಮೂವರೂ ಕೂತು ಮಾತಾಡ್ಬೇಕು. ನೋಡೋಣ, ಒಂದಿನ...”

“ಯಾವತ್ತು ಅಂತ ಹೇಳಿದ್ರೆ ಬಾಗಿಲು ಬಿಡ್ತೀನಿ.”

“ನಾಳೆ. ಬೆಳಿಗ್ಗೆ ಹತ್ತಕ್ಕೆ. ಆಸ್ಪತ್ರೆ ಟೆಲಿಫೋನ್ ಕೋಣೇಲಿ.”

ಅವಳು ಉಳಿದಿಬ್ಬರು ಡ್ರೈವರ್‌ಗಳ ಮುಖ ನೋಡಿದಳು. ನಾಳೆ ಹತ್ತಕ್ಕೆ, ಟೆಲಿಫೋನ್ ಕೋಣೆ, ಸೆಟ್ಟು ತರಬೇಕು ಎಂದ ಅಗ್ನಿಶಾಮಕದವನು. ಸಂಘದವನೂ ಕೈಕಟ್ಟಿ ಅದನ್ನೇ ಒಪ್ಪಿಸಿದ.

ಗಾಡಿಯೊಳಗೆ ತಮ್ಮ ಅಮ್ಮನ ಕೂದಲಲ್ಲಿ ಸಿಕ್ಕಿಕೊಂಡೇ ಉಳಿದಿದ್ದ ಬಾಚಣಿಗೆಯನ್ನು ಮೆಲ್ಲಗೆ ಬಿಡಿಸಿ, ಅರ್ಧಕ್ಕೆ ನಿಂತಿದ್ದ ತಲೆ ಬಾಚತೊಡಗಿದ.

“ನಾಳೆ ಹತ್ತಕ್ಕೆ,” ಎಂದ, ಯಾರೂ ಕೇಳದಿದ್ದರೂ.

ಮಗಳು ಬಾಗಿಲು ಬಿಟ್ಟಳು.